ಪದ್ಮರಾಜನ ಮನೆಯ ಒಲೆ

ನಮ್ಮೂರಿನಲ್ಲಿ ಪದ್ಮರಾಜನ ಮೇಲೆ ಯಾರಿಗೂ ಸಿಟ್ಟು ಬರುತ್ತಿರಲಿಲ್ಲ. ಹಾಗಾಗಿ ಅವನ ಮನೆಯಲ್ಲಿ ಅನ್ನ ಬೇಯುತ್ತಿರಲಿಲ್ಲ. ಬೇರೆ ಊರಿನವರಿಗೆ ಈ ಎರಡು ಮಾತಿಗೂ ಏನು ಸಂಬಂಧ ಅನ್ನಿಸಬಹುದು. ನಮ್ಮೂರಿನಲ್ಲಿ ಒಲೆ ಹತ್ತುವುದು ಬೈಗುಳಕ್ಕೆ. ಕಡ್ಡಿ ಗೀರಿದರೆ ಬೀಡಿ ಹತ್ತುತ್ತದೆ, ದೇವರ ದೀಪ ಹತ್ತುತ್ತದೆ, ಒಲೆ ಮಾತ್ರ ತಣ್ಣಗೆ ಕೂತಿರುತ್ತದೆ. ಹಿಂದೆ ಯಾರೋ ಪುಣ್ಯಾತ್ಮರು ಗ್ಯಾಸಿನ ಸಿಲಿಂಡರುಗಳನ್ನು ತಂದು ಹಂಚಿದರು, ಈಗ ಅವುಗಳ ಮೇಲೆ ನಮ್ಮ ಮುದುಕರು ಬಿಸಿಲು ಕಾಯಿಸಿಕೊಳ್ಳುತ್ತ ಕೂರುತ್ತಾರೆ. ಯಾರಾದರೂ ಯಾರಿಗಾದರೂ ಮನಸ್ಸಿಟ್ಟು ಬೈಯಬೇಕು, ಬೈಸಿಕೊಂಡವರ ಕಿವಿಗೆ ಅದು ಬೀಳಬೇಕು, ಆಗ ಅವರ ಹತ್ತಿರವಿರುವ ಒಲೆ ಹತ್ತಿಕೊಳ್ಳುತ್ತದೆ. ನಾಟಕದ ಸಿಟ್ಟಿಗೆ ಬರೀ ಹೊಗೆ ಬರುತ್ತದೆ, ಕಣ್ಣುರಿ ಬಿಟ್ಟರೆ ಬೇರೇನೂ ಲಾಭವಿಲ್ಲ.

ಬೆಳಿಗ್ಗೆ ನಮ್ಮ ಬೀದಿಯಲ್ಲಿ ನಡೆದು ಹೋದರೆ ಮನೆಗೊಂದು ಜಗಳ ಕೇಳಿಸುತ್ತದೆ. ಒದ್ದೆ ಟವೆಲು ಹಾಸಿಗೆಯ ಮೇಲೆ ಹಾಕಿದ್ದಕ್ಕೆ ಒಂದು ಮನೆಯಲ್ಲಿ ಇಡ್ಲಿ, ತವರಿನವರ ಮಾತೆತ್ತಿದ್ದಕ್ಕೆ ಇನ್ನೊಂದು ಮನೆಯಲ್ಲಿ ಹುಳಿ. ತಿಂಡಿ ಇಳಿಸಿದ ಮೇಲೆ ಎಲ್ಲರೂ ಒಟ್ಟಿಗೆ ಕೂತು ತಿನ್ನುತ್ತಾರೆ, ಜಗಳ ಅಲ್ಲಿಗೆ ಮುಗಿಯಿತು. ಬೈಯಲು ಕಾರಣ ಸಾಲದ ಮನೆಗಳೂ ಇರುತ್ತವಲ್ಲ, ಹೊಸದಾಗಿ ಮದುವೆಯಾದವರು, ಒಂಟಿಯಾಗಿರುವವರು, ಅಂಥವರು ನನ್ನನ್ನು ಕರೆಸುತ್ತಾರೆ. ನಾನು ಗಿರಿಯಮ್ಮ. ಬೈಯುವುದು ನನ್ನ ಕಸುಬು. ಯಾರ ಮನೆಗೆ ಕಾಲಿಟ್ಟರೂ ಹೊಸಿಲು ದಾಟುವುದರೊಳಗೆ ಸಿಟ್ಟು ಬರುವಂಥದ್ದು ಒಂದಾದರೂ ನನ್ನ ಕಣ್ಣಿಗೆ ಬೀಳುತ್ತದೆ. ದೇವರು ನನಗೆ ಕೊಟ್ಟ ವರ ಅದು. ಬೆಂದದ್ದರಲ್ಲಿ ಒಂದು ಸೌಟು ನನ್ನ ಪಾಲು.

ನಾನು ಸೋತದ್ದು ಒಂದೇ ಮನೆಯಲ್ಲಿ, ಅದೂ ನನ್ನ ಗೋಡೆಗೆ ಗೋಡೆ ತಾಗಿದ ಮನೆಯಲ್ಲಿ. ಪದ್ಮರಾಜನಿಗೆ ಬೈಯಲು ಹೋದಾಗಲೆಲ್ಲ ಅವನು ಮಣೆ ಹಾಕುತ್ತಿದ್ದ, ಮಂಡಿನೋವು ಹೇಗಿದೆ ಅಂತ ಕೇಳುತ್ತಿದ್ದ, ನಾನು ಬೈಯುವುದನ್ನು ತಲೆಯಾಡಿಸುತ್ತ ಕೇಳಿಸಿಕೊಂಡು, ನೀವು ಹೇಳುವುದು ಸರಿ ಗಿರಿಯಕ್ಕ, ತಿದ್ದಿಕೊಳ್ಳುತ್ತೇನೆ ಅನ್ನುತ್ತಿದ್ದ. ತಿದ್ದಿಕೊಳ್ಳುತ್ತಲೂ ಇದ್ದ. ಅಂಥವನಿಗೆ ಹೇಗೆ ಬೈಯುವುದು? ಒಲೆಯಿಂದ ಹೊಗೆ ಬಂದು ನಾನೇ ಕೆಮ್ಮುತ್ತ ಮನೆಗೆ ಬರುತ್ತಿದ್ದೆ.

ಅವನ ಹೆಂಡತಿ ಚೂಡಾಮಣಿಯೂ ಅವನಂಥವಳೇ. ಮದುವೆಯಾದಾಗಿನಿಂದ ಗಂಡನಿಗೆ ಒಂದು ಗಡಸು ಮಾತು ಆಡಿದವಳಲ್ಲ. ಆಡಬಾರದು ಅಂತಲ್ಲ, ಬರುತ್ತಿರಲಿಲ್ಲ. ಆ ಮನೆಯಲ್ಲಿ ನೆನೆಸಿದ ಅವಲಕ್ಕಿ, ಮೊಳಕೆ ಹೆಸರುಕಾಳು, ಮೊಸರು, ಬಾಳೆಹಣ್ಣು ಇಷ್ಟೇ. ಕಾಫಿಪುಡಿಯನ್ನು ತಣ್ಣೀರಿನಲ್ಲಿ ಕದಡಿ ಕುಡಿಯುತ್ತಿದ್ದರು. ಒಂದು ಸಲ ಅವಳು ನನ್ನ ಹತ್ತಿರ ಬಂದು, ಬೈಯುವುದನ್ನು ಕಲಿಸಿಕೊಡಿ, ಅವರಿಗೆ ಒಂದು ಲೋಟ ಬಿಸಿ ಕಾಫಿ ಕೊಡಬೇಕು ಅಂತ ನನಗೆ ಬಹಳ ಆಸೆ ಅಂದಳು. ಗಂಡ ಅಂದ ಮೇಲೆ ತಪ್ಪು ಇದ್ದೇ ಇರುತ್ತದೆ, ಹುಡುಕು ಅಂತ ನಾನು ಪಾಠ ಹೇಳಿ ಕಳಿಸಿದೆ. ವಾರ ಕಳೆದು ಬಂದಳು.

“ಹುಡುಕಿದೆ ಗಿರಿಯಕ್ಕ. ಚಪ್ಪಲಿ ಬಿಡೋವಾಗ ನನ್ನ ಚಪ್ಪಲಿಗೆ ತಾಗಿಸಿ ಬಿಡ್ತಾರೆ. ಆದ್ರೆ ಅದು ನೋಡೋಕೆ ಚೆನ್ನಾಗಿರುತ್ತೆ.”

ಅವಳಿಗೆ ಪಾಠ ಹೇಳುವುದನ್ನು ನಾನು ಅಲ್ಲಿಗೇ ಬಿಟ್ಟೆ.

ನಮ್ಮಲ್ಲಿ ಮದುವೆ ಮುಂಜಿಗಳಲ್ಲಿ ಮೊದಲ ಪಂಕ್ತಿ ದೊಡ್ಡ ಜಗಳಗಂಟರದು. ಯಾರ ದೆಸೆಯಿಂದ ಊರಿಗೆ ಅನ್ನ ಬೇಯುತ್ತದೋ ಅವರಿಗೆ ಮೊದಲ ಎಲೆ, ಅದು ನ್ಯಾಯ. ಪದ್ಮರಾಜನಿಗೆ ಯಾವಾಗಲೂ ಕೊನೆಯ ಪಂಕ್ತಿ. ಬಡಿಸುವವರು ಅವನ ಎಲೆಗೆ ಎರಡು ಸೌಟು ಜಾಸ್ತಿ ಹಾಕಿ, ಪಾಪ, ಮನೆಯಲ್ಲಿ ಬಿಸಿ ಕಾಣದವನು ಅನ್ನುತ್ತಿದ್ದರು. ಆ ಪಾಪ ಅನ್ನುವ ಮಾತಿಗೆ ಅವನು ತಲೆ ತಗ್ಗಿಸುತ್ತಿದ್ದ. ಅವನಿಗೆ ನಾಚಿಕೆಯಾಗುತ್ತಿತ್ತು, ಯಾರ ಮೇಲೂ ಸಿಟ್ಟು ಮಾತ್ರ ಬರುತ್ತಿರಲಿಲ್ಲ.

ಹೀಗಿರುವಾಗ ಅವನಿಗೆ ಒಂದು ಕೆಲಸ ಸಿಕ್ಕಿತು. ಮನೆಯಲ್ಲೇ ಕೂತು ಮಾಡುವ ಕೆಲಸ. ಜನ ಕಂಪ್ಯೂಟರಿನಲ್ಲಿ ಅಂಗಡಿ ತೆರೆಯುತ್ತಾರಂತೆ, ಶಾಲೆ ನಡೆಸುತ್ತಾರಂತೆ, ಸಂಘ ಕಟ್ಟುತ್ತಾರಂತೆ, ಅದಕ್ಕೆಲ್ಲ ವೆಬ್‌ಸೈಟು ಅನ್ನುತ್ತಾರೆ. ಆ ಸೈಟುಗಳು ಇರುವುದಕ್ಕೆ ಒಂದು ಜಾಗ ಬೇಕಲ್ಲ, ಆ ಜಾಗವನ್ನು ಬಾಡಿಗೆಗೆ ಕೊಡುವ ಕಂಪನಿ ಎಲ್ಲೋ ಇತ್ತು. ಸೈಟು ಕೆಟ್ಟರೆ ಬಾಡಿಗೆದಾರರು ಫೋನು ಮಾಡುತ್ತಾರೆ, ಅದನ್ನು ಪದ್ಮರಾಜ ಇಲ್ಲಿಂದಲೇ ಸರಿ ಮಾಡಬೇಕು. ಅವನು ಅದನ್ನು ಓದಿಕೊಂಡಿದ್ದ, ಕೈಯೂ ಚುರುಕು. ಅಡುಗೆಮನೆಯಲ್ಲಿ ಸಿಗ್ನಲ್ ಚೆನ್ನಾಗಿ ಸಿಗುತ್ತದೆ ಅಂತ ಒಲೆಯ ಪಕ್ಕದಲ್ಲೇ ಮೇಜು ಹಾಕಿಕೊಂಡ. ಹೇಗೂ ಉರಿಯದ ಒಲೆ, ಅದರ ಮೇಲೆ ವೈರುಗಳನ್ನು ಸುತ್ತಿಟ್ಟ.

ಮೊದಲ ದಿನ ಮೊದಲ ಕರೆ ಒಬ್ಬ ಸೀರೆ ವ್ಯಾಪಾರಿಯದು. ಹಬ್ಬದ ಮಾರಾಟದ ಹೊತ್ತಿಗೆ ಸೈಟು ಮಲಗಿದೆ ಅಂತ ಶುರು ಮಾಡಿದವನು ಪದ್ಮರಾಜನ ವಿದ್ಯೆ, ಬುದ್ಧಿ, ಅವನನ್ನು ಕೆಲಸಕ್ಕೆ ಇಟ್ಟುಕೊಂಡವರ ಬುದ್ಧಿ ಎಲ್ಲವನ್ನೂ ಜಾಲಾಡಿದ. ಪದ್ಮರಾಜ ಹೆಡ್‌ಫೋನು ಹಾಕಿಕೊಂಡು, ನಿಮ್ಮ ತೊಂದರೆ ನನಗೆ ಅರ್ಥವಾಗುತ್ತದೆ ಸರ್ ಅಂದ. ಕಂಪನಿ ಹಾಗೆ ಹೇಳಲು ಕಲಿಸಿತ್ತು. ಆ ಮಾತು ಕೇಳಿದ್ದೇ ತಡ ಆ ಕಡೆಯವನ ದನಿ ಇಮ್ಮಡಿಯಾಯಿತು. ಆಗ ಏನೋ ಸುಟ್ಟ ವಾಸನೆ ಬಂತು. ಪದ್ಮರಾಜ ತಿರುಗಿ ನೋಡಿದರೆ ಅವನ ವೈರು ಕರಗುತ್ತಿತ್ತು, ಒಲೆ ಧಗಧಗ ಉರಿಯುತ್ತಿತ್ತು.

ಚೂಡಾಮಣಿ ಓಡಿ ಬಂದು ಮೊದಲು ವೈರು ಎಳೆದಳು, ಆಮೇಲೆ ಕೈಗೆ ಸಿಕ್ಕ ಪಾತ್ರೆಯಲ್ಲಿ ನೀರಿಟ್ಟಳು. ಆ ನೀರು ಕುದಿಯುವುದನ್ನು ಇಬ್ಬರೂ ನಿಂತು ನೋಡಿದರಂತೆ. ನನಗೆ ಗೋಡೆಯ ಆಚೆಯಿಂದ ಸಾರಿನ ಒಗ್ಗರಣೆಯ ವಾಸನೆ ಬಂದಾಗ, ನಿಜ ಹೇಳುತ್ತೇನೆ, ಯಾರೋ ಹೊಸ ಬೈಗುಳದವಳನ್ನು ಕರೆಸಿದ್ದಾರೆ ಅಂತ ಹೊಟ್ಟೆಕಿಚ್ಚಾಯಿತು. ಹೋಗಿ ನೋಡಿದರೆ ಪದ್ಮರಾಜ ಒಬ್ಬನೇ ಕೂತು ಗಾಳಿಗೆ ಕ್ಷಮೆ ಕೇಳುತ್ತಿದ್ದ.

ಸುದ್ದಿ ಹರಡಲು ಎಷ್ಟು ಹೊತ್ತು ಬೇಕು? ತಿಂಗಳು ಕಳೆಯುವುದರೊಳಗೆ ನಮ್ಮ ಬೀದಿಯ ಹೆಂಗಸರು ಅಕ್ಕಿ ತೊಳೆದುಕೊಂಡು ಪಾತ್ರೆ ಸಮೇತ ಅವನ ಅಡುಗೆಮನೆಗೆ ಬರತೊಡಗಿದರು. ಒಂದು ಒಲೆ ಹೋಗಿ ನಾಲ್ಕಾಯಿತು, ಹಿತ್ತಿಲಿಗೂ ಒಲೆ ಇಟ್ಟರು. ಕಂಪ್ಯೂಟರಿನ ಹೆಸರು ಕೇಳದವರೂ ಕರೆಗಳ ಹದ ಕಲಿತರು. ಪಾಸ್‌ವರ್ಡ್ ಮರೆತವರದು ಸಣ್ಣ ಉರಿ, ಹಾಲಿಗೆ ಒಳ್ಳೆಯದು. ಇಮೇಲ್ ಹೋಗದವರದು ಒಂದೇ ಸಮನೆ ಉರಿಯುತ್ತದೆ, ದೋಸೆಗೆ ಹೇಳಿಮಾಡಿಸಿದ್ದು. ಅಂಗಡಿ ಸೈಟು ಬಿದ್ದುಹೋದವರದು ಬಿರುಸು ಉರಿ, ತೊಗರಿಬೇಳೆ ಇಟ್ಟುಬಿಡಬೇಕು. ಚಾಟ್‌ನಲ್ಲಿ ಬರೆದು ಕಳಿಸುವ ಸಿಟ್ಟು ಮಾತ್ರ ಯಾವ ಕೆಲಸಕ್ಕೂ ಬಾರದ್ದು. ಅದು ಕಣ್ಣಿಗೆ ಬೀಳುತ್ತದೆಯೇ ಹೊರತು ಕಿವಿಗೆ ಬೀಳುವುದಿಲ್ಲ. ಚಾಟ್ ಬಂದಾಗ ಹೆಂಗಸರು, ಈ ಬರೆಯುವ ಜನ ಯಾಕಾದರೂ ಹುಟ್ಟಿದರೋ ಅಂತ ಗೊಣಗುತ್ತ ಸೊಪ್ಪು ಬಿಡಿಸುತ್ತಿದ್ದರು.

ನನ್ನ ಕಸುಬು ಬಿತ್ತು. ನನಗೆ ಅದರಿಂದ ಸಿಟ್ಟು ಬರಬೇಕಿತ್ತು. ಆದರೆ ಪದ್ಮರಾಜ ದಿನವೂ ಮೊದಲ ಸೌಟನ್ನು ನನಗೇ ಕಳಿಸುತ್ತಿದ್ದ, ಸಿಟ್ಟು ಗಂಟಲಿನವರೆಗೆ ಬಂದು ಸಾರಿನ ಜೊತೆ ಇಳಿದುಹೋಗುತ್ತಿತ್ತು.

ಅವನ ನಡಿಗೆ ಬದಲಾಯಿತು. ಬೀದಿಯಲ್ಲಿ ಜನ ನಿಲ್ಲಿಸಿ ಮಾತಾಡಿಸಿದರು. ಬದುಕಿನಲ್ಲಿ ಮೊದಲ ಬಾರಿಗೆ ಅವನು ಊರಿಗೆ ಬೇಕಾದವನಾದ, ಅದು ಅವನಿಗೆ ಎಷ್ಟು ಸುಖ ಕೊಟ್ಟಿತು ಅಂತ ನೋಡಿದವರಿಗೆಲ್ಲ ತಿಳಿಯುತ್ತಿತ್ತು. ತೊಂದರೆ ಒಂದೇ. ಅವನು ಕೆಲಸ ಚೆನ್ನಾಗಿ ಮಾಡುತ್ತಿದ್ದ. ಬೈಯುತ್ತ ಬಂದವರ ಸೈಟು ಸರಿಹೋದ ಕೂಡಲೇ ಅವರು, ಅಯ್ಯೋ ಏನೂ ತಿಳಿಯಬೇಡಿ, ಬಹಳ ಉಪಕಾರವಾಯಿತು ಅನ್ನುತ್ತಿದ್ದರು, ಆ ಮಾತಿಗೆ ಒಲೆ ಪುಸಕ್ಕನೆ ಆರುತ್ತಿತ್ತು. ಬೇಳೆ ಅರ್ಧಕ್ಕೆ ನಿಂತವರು ಅವನಿಗೆ ಉಪದೇಶ ಹೇಳಿದರು. ಇಷ್ಟು ಬೇಗ ಸರಿ ಮಾಡುವ ಅಗತ್ಯ ಏನು, ಸ್ವಲ್ಪ ಹೊತ್ತು ಸಂಗೀತ ಕೇಳಿಸಿ ಕಾಯಿಸು, ಅವರದೇನೂ ಹೋಗುವುದಿಲ್ಲವಲ್ಲ ಅಂದರು. ಪದ್ಮರಾಜ ನಗುತ್ತಿದ್ದ, ಕೇಳುತ್ತಿರಲಿಲ್ಲ. ಒಂದು ದಿನ ಮಾತ್ರ, ಎದುರುಮನೆಯ ಬಾಣಂತಿಗೆ ನೀರು ಕಾಯುತ್ತಿದ್ದಾಗ, ಒಬ್ಬ ಗೊಂಬೆ ವ್ಯಾಪಾರಿಯನ್ನು ಬೇಕೆಂದೇ ಕಾಯಿಸಿದ. ನೀರು ಕಾಯಿತು. ಅವನಿಗೆ ಅವತ್ತು ಊಟ ಸೇರಲಿಲ್ಲ ಅಂತ ಚೂಡಾಮಣಿ ನನಗೆ ಹೇಳಿದಳು.

ಈ ನಡುವೆ ಊರಿನವರಿಗೆ ಬೇಡವಾದ ಒಂದು ಕರೆ ಇತ್ತು. ವನಮಾಲಾ ಟೀಚರ್ ಅಂತ, ರಿಟೈರಾದ ಮೇಷ್ಟ್ರಮ್ಮ, ಎಲ್ಲಿಯವರೋ. ಕಣ್ಣು ಮಂಜಾದ ಮುದುಕರಿಗೆ ಆಪರೇಷನ್ ಮಾಡುವ ಡಾಕ್ಟರುಗಳ ವ್ಯಾನು ಹಳ್ಳಿ ಹಳ್ಳಿ ತಿರುಗುತ್ತದಲ್ಲ, ಅದಕ್ಕೆ ಹೆಸರು ಬರೆಸುವ ಸೈಟು ಅವರದು. ಆಯಮ್ಮ ಬೈಯುತ್ತಿರಲಿಲ್ಲ. ಊಟ ಆಯ್ತಾ ಮಗೂ ಅಂತ ಶುರು ಮಾಡುತ್ತಿದ್ದರು. ಆ ದನಿ ಕಿವಿಗೆ ಬಿದ್ದರೆ ಉರಿಯುವ ಒಲೆಯೂ ಮಂಕಾಗುತ್ತಿತ್ತು. ಟೀಚರ್ ಫೋನು ಬಂತು ಅಂದರೆ ಹೆಂಗಸರು ಪಾತ್ರೆ ಇಳಿಸಿ ಬಿಸಿ ಆರದ ಹಾಗೆ ಬಟ್ಟೆ ಮುಚ್ಚುತ್ತಿದ್ದರು. ಪದ್ಮರಾಜ ಮಾತ್ರ ಆ ಕರೆಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಿದ್ದ.

ಕರಿಬಸಪ್ಪ ಮಗಳ ಮದುವೆ ನಿಶ್ಚಯ ಮಾಡಿದ್ದು ಆಗಲೇ. ಕರಿಬಸಪ್ಪ ನಮ್ಮ ಬೀದಿಯ ದೊಡ್ಡ ಮನುಷ್ಯ, ಮೊದಲ ಪಂಕ್ತಿಯ ಮೊದಲ ಎಲೆ ಅವನದು. ನಮ್ಮ ಕಡೆ ಮದುವೆಯ ಅಡುಗೆಗೆ ಬೀಗರ ಜಗಳ ಅಂತ ಒಂದು ಪದ್ಧತಿ. ಬೆಳಿಗ್ಗೆ ಎದ್ದ ಕೂಡಲೇ ಗಂಡಿನ ಕಡೆಯವರೂ ಹೆಣ್ಣಿನ ಕಡೆಯವರೂ ಒಲೆಗಳ ಎದುರು ನಿಂತು, ತಿಂಗಳುಗಟ್ಟಲೆ ಮನಸ್ಸಿನಲ್ಲಿ ಇಟ್ಟುಕೊಂಡದ್ದನ್ನೆಲ್ಲ ಆಡಿ ಮುಗಿಸಬೇಕು. ಹೋಳಿಗೆ ಬೇಯುವ ಹೊತ್ತಿಗೆ ಎರಡೂ ಕಡೆಯವರ ಎದೆ ಹಗುರಾಗಿರುತ್ತದೆ. ಎಷ್ಟೋ ಮದುವೆಗಳು ಅದರಿಂದಲೇ ಬಾಳಿವೆ. ಕರಿಬಸಪ್ಪನಿಗೆ ಅದು ಈ ಸಲ ಬೇಡ ಅನ್ನಿಸಿತು. ಮನೆ ಪಕ್ಕದಲ್ಲೇ ಪದ್ಮರಾಜನಂಥವನು ಇರುವಾಗ ನಾವೇಕೆ ಗಂಟಲು ಹರಿದುಕೊಳ್ಳಬೇಕು, ಊರೂರಿನವರು ಬಿಟ್ಟಿ ಬೈಯುತ್ತಾರಲ್ಲ ಅಂದ. ಬೀಗರಿಗೆ ಹೇಳಿ ಕಳಿಸಿದ, ನಗುನಗುತ್ತ ಬನ್ನಿ, ಜಗಳ ನಾವು ಹೊರಗಿನಿಂದ ತರಿಸುತ್ತೇವೆ ಅಂತ. ನಾನು ಬೇಡ ಅಂತ ಹೇಳಿದೆ. ಹೊಟ್ಟೆಪಾಡಿಗೆ ಹೇಳುತ್ತಾಳೆ ಅಂದುಕೊಂಡರು, ಸ್ವಲ್ಪ ಅದೂ ಇತ್ತು.

ಕರಿಬಸಪ್ಪ ತಾನೇ ಬಂದು ಪದ್ಮರಾಜನಿಗೆ ವೀಳ್ಯ ಕೊಟ್ಟ. ಮದುವೆಯ ಒಲೆ ನಿನ್ನದು, ಮೊದಲ ಪಂಕ್ತಿಯಲ್ಲಿ ನನ್ನ ಪಕ್ಕದ ಎಲೆಯೂ ನಿನ್ನದು ಅಂದ. ಪದ್ಮರಾಜ ವೀಳ್ಯವನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಚೂಡಾಮಣಿ ಒಳಗೆ ಹೋಗಿ ಕಣ್ಣು ಒರೆಸಿಕೊಂಡಳು. ಕೊನೆಯ ಪಂಕ್ತಿಯಲ್ಲಿ ಪಾಪ ಅನ್ನಿಸಿಕೊಂಡು ಉಂಡವನ ಹೆಂಡತಿಗೆ ಅದು ಸಣ್ಣ ಮಾತಲ್ಲ.

ಮದುವೆಯ ದಿನ ಪದ್ಮರಾಜನ ಹಿತ್ತಿಲಿನಲ್ಲಿ ಸಾಲು ಒಲೆ ಹಾಕಿದರು. ಅಡುಗೆಯ ಚನ್ನಪ್ಪಯ್ಯ ಹಂಡೆಗಳನ್ನು ಏರಿಸಿ, ಸೌಟು ಹಿಡಿದು ಕೂತ. ಮೇಜನ್ನು ಹಿತ್ತಿಲಿಗೇ ತಂದು, ಪದ್ಮರಾಜನ ತಲೆಗೆ ಜರಿ ಪೇಟ ಸುತ್ತಿ, ಅದರ ಮೇಲೆ ಹೆಡ್‌ಫೋನು ಏರಿಸಿದರು. ಪೇಟ ದಪ್ಪವಾಗಿ ಹೆಡ್‌ಫೋನು ಕೂರಲಿಲ್ಲ, ಎರಡು ಸುತ್ತು ಬಿಚ್ಚಬೇಕಾಯಿತು. ಚಪ್ಪರದಲ್ಲಿ ಎರಡೂ ಕಡೆಯ ಬೀಗರು ಒಬ್ಬರ ಸೀರೆಯನ್ನು ಒಬ್ಬರು ಹೊಗಳುತ್ತ ಕೂತಿದ್ದರು. ಅಂಥ ತಣ್ಣನೆಯ ಮದುವೆ ನಾನು ನೋಡಿರಲಿಲ್ಲ.

ಮೊದಮೊದಲು ಕರೆಗಳೇ ಬರಲಿಲ್ಲ. ಎಲ್ಲೆಲ್ಲಿಯೂ ಎಲ್ಲರ ಸೈಟುಗಳೂ ಸುಖವಾಗಿದ್ದವು. ಕರಿಬಸಪ್ಪ ಹಿತ್ತಿಲಿಗೂ ಚಪ್ಪರಕ್ಕೂ ತಿರುಗಾಡಿದ. ಅಕ್ಕಿ ನೆನೆದು ಕೂತಿತ್ತು. ಆಮೇಲೆ ಒಂದು ಕರೆ ಬಂತು, ಅದು ಮುಗಿಯುವ ಮೊದಲೇ ಇನ್ನೊಂದು, ಆಮೇಲೆ ಲೆಕ್ಕವೇ ಇಲ್ಲ. ಕಂಪನಿಯ ಒಂದು ದೊಡ್ಡ ಸರ್ವರ್, ಅಂದರೆ ಅಷ್ಟೂ ಸೈಟುಗಳು ಇರುವ ಯಂತ್ರ, ಕೈಕಾಲು ಆಡಿಸದೆ ನಿಂತುಬಿಟ್ಟಿತ್ತು. ಅದರ ಮೇಲಿದ್ದ ಅಂಗಡಿಗಳು, ಕ್ಲಾಸುಗಳು, ಪತ್ರಿಕೆಗಳು ಎಲ್ಲ ಒಟ್ಟಿಗೆ ಮಾಯವಾಗಿದ್ದವು. ಬೈಗುಳ ಅಂದರೆ ಅದು, ಹೆಡ್‌ಫೋನು ದಾಟಿ ನಮಗೂ ಕೇಳಿಸುತ್ತಿತ್ತು. ನನ್ನ ಕಸುಬಿನಲ್ಲಿ ಇಷ್ಟು ವರ್ಷ ಕಳೆದ ನನಗೂ ಆ ದಿನ ಹೊಸದಾಗಿ ಕೆಲವು ಸಿಕ್ಕಿದವು. ಸಾಲು ಒಲೆಗಳು ಒಂದೇ ಸಲಕ್ಕೆ ಭುಗಿಲೆಂದವು. ಚನ್ನಪ್ಪಯ್ಯ ಲುಂಗಿ ಎತ್ತಿ ಕಟ್ಟಿ ಅನ್ನಕ್ಕೆ ಇಟ್ಟ, ಬೇಳೆಗೆ ಇಟ್ಟ, ಪಾಯಸದ ಹಂಡೆ ಏರಿಸಿದ. ಚಪ್ಪರದಲ್ಲಿ ಜನ ಪದ್ಮರಾಜನ ಹೆಸರು ಹೇಳಿ ಚಪ್ಪಾಳೆ ತಟ್ಟಿದರು.

ಪದ್ಮರಾಜನಿಗೆ ಬೇನೆ ಯಾವುದು ಅಂತ ಸ್ವಲ್ಪ ಹೊತ್ತಿನಲ್ಲೇ ಗೊತ್ತಾಗಿತ್ತು. ಬ್ಯಾಕಪ್ ಅಂತ ದಿನವೂ ಎಲ್ಲದರ ನಕಲು ತೆಗೆದಿಡುತ್ತಾರಂತೆ. ಯಾರೋ ಆ ಹಳೆಯ ನಕಲುಗಳನ್ನು ತೆಗೆಯದೆ ಬಿಟ್ಟಿದ್ದರು. ಅಟ್ಟದ ತುಂಬ ಹಳೆ ಪಾತ್ರೆ ತುಂಬಿ ಏಣಿ ಇಡಲೂ ಜಾಗವಿಲ್ಲದಂತಾಗುತ್ತದಲ್ಲ, ಹಾಗಾಗಿತ್ತು. ಅವನ್ನು ಅಳಿಸಿ ಯಂತ್ರವನ್ನು ಎಬ್ಬಿಸಿದರೆ ಮುಗಿಯಿತು, ಆ ದಿನದ ಪಾಳಿ ಅವನದೇ, ಅಧಿಕಾರವೂ ಅವನದೇ. ಅವನ ಬೆರಳು ಕೀಲಿಗಳ ಮೇಲಿತ್ತು. ಕರಿಬಸಪ್ಪ ಅವನ ಮುಖ ನೋಡಿಯೇ ಊಹಿಸಿದ. ಹತ್ತಿರ ಬಂದು ಭುಜದ ಮೇಲೆ ಕೈಯಿಟ್ಟು, ಅನ್ನ ಇನ್ನೂ ಅರಳಿಲ್ಲ, ಪಾಯಸ ಈಗಷ್ಟೇ ಇಟ್ಟಿದ್ದಾರೆ, ಎಲ್ಲ ಇಳಿಸುವ ತನಕ ಮುಟ್ಟಬೇಡ ಅಂದ. ಮಗಳ ಮದುವೆ ಕಣಪ್ಪ ಅಂದ. ದೊಡ್ಡ ಮನುಷ್ಯ ಹಾಗೆ ಬೇಡಿಕೊಂಡದ್ದು ಯಾರೂ ನೋಡಿರಲಿಲ್ಲ. ಪದ್ಮರಾಜ ಬೆರಳು ಹಿಂದಕ್ಕೆ ತೆಗೆದುಕೊಂಡ.

ಅವನು ಕರೆಗಳಿಗೆ ಉತ್ತರ ಕೊಡುತ್ತ ಹೋದ. ನೋಡುತ್ತಿದ್ದೇವೆ ಸರ್ ಅಂದ. ನೋಡಿ ಆಗಿತ್ತು ಅನ್ನುವುದು ಅವನಿಗೊಬ್ಬನಿಗೇ ಗೊತ್ತು. ಒಂದೊಂದು ಸಲ ಹಾಗೆ ಅಂದಾಗಲೂ ಅವನ ಮುಖ ಇಷ್ಟಿಷ್ಟೇ ಸಪ್ಪಗಾಗುವುದನ್ನು ನಾನೂ ಚೂಡಾಮಣಿಯೂ ನೋಡುತ್ತಿದ್ದೆವು.

ಆಗ ಒಲೆಗಳೆಲ್ಲ ಒಟ್ಟಿಗೆ ಮಂಕಾದವು. ಚನ್ನಪ್ಪಯ್ಯ ಸೌಟು ನೆಲಕ್ಕೆ ಕುಕ್ಕಿ, ಬಂತಲ್ಲ ಟೀಚರಮ್ಮಂದು ಅಂದ.

ಟೀಚರ್ ಊಟ ಆಯ್ತಾ ಅಂತಲೇ ಕೇಳಿದರಂತೆ. ಆಮೇಲೆ ವಿಷಯ ಹೇಳಿದರು. ವ್ಯಾನು ಎಲ್ಲಿಗೆ ಹೋಗಬೇಕು ಅಂತ ಡಾಕ್ಟರುಗಳು ತೀರ್ಮಾನಿಸುವುದು ಆ ಮಧ್ಯಾಹ್ನ, ಸೈಟಿನಲ್ಲಿ ಬರೆಸಿದ ಹೆಸರುಗಳನ್ನು ನೋಡಿ. ಸೈಟೇ ಕಾಣದಿದ್ದರೆ ವ್ಯಾನು ಬೇರೆ ಕಡೆಗೆ ತಿರುಗುತ್ತದೆ, ಮತ್ತೆ ಅವರ ಕಡೆ ಬರುವುದು ಬರುವ ವರ್ಷ. ಅಷ್ಟರಲ್ಲಿ ಕೆಲವರ ಕಣ್ಣು ಪೂರ್ತಿ ಹೋಗಿರುತ್ತದೆ. ಇಷ್ಟು ಹೇಳಿದ ಮೇಲೂ ಆಯಮ್ಮನ ದನಿ ಏರಲಿಲ್ಲ.

“ನಿನ್ನಿಂದ ಆಗೋದಾಗಿದ್ರೆ ನೀನು ಮಾಡೇ ಇರ್ತಿದ್ದೆ ಅಂತ ನನಗೆ ಗೊತ್ತು ಮಗೂ. ಆಗ್ದಿದ್ರೆ ಬಿಡು. ಒಬ್ಬೊಬ್ರಿಗೂ ನಾನೇ ಫೋನ್ ಮಾಡಿ ಈ ಸಲ ಇಲ್ಲ ಅಂತ ಹೇಳ್ತೀನಿ.”

ಪದ್ಮರಾಜ ಪೇಟ ಬಿಚ್ಚಿ ಪಕ್ಕದಲ್ಲಿಟ್ಟ. ಕೀಲಿಗಳ ಮೇಲೆ ಕೈಯಾಡಿಸಿದ. ಹಳೆಯ ನಕಲುಗಳು ಹೋದವು, ಯಂತ್ರ ಎದ್ದಿತು. ಈಗ ನೋಡಿ ಟೀಚರ್ ಅಂದ. ಆ ಕಡೆಯಿಂದ ಏನು ಕೇಳಿಸಿತೋ ಅವನಿಗೇ ಗೊತ್ತು, ಕಣ್ಣು ತುಂಬಿತ್ತು.

ಕರೆಗಳು ನಿಂತವು. ನಿಂತದ್ದು ಹೋಗಲಿ, ಬೆಳಗಿನಿಂದ ಬೈದ ಜನ ಒಬ್ಬೊಬ್ಬರಾಗಿ ಉಪಕಾರ ಹೇಳಲು ಫೋನು ಮಾಡತೊಡಗಿದರು. ಒಂದೊಂದು ಉಪಕಾರಕ್ಕೂ ಒಂದೊಂದು ಒಲೆ ಆರಿತು. ಚನ್ನಪ್ಪಯ್ಯ ಒಂದು ಅಗುಳು ಹಿಸುಕಿ ನೋಡಿ ತಲೆ ಮೇಲೆ ಕೈ ಹೊತ್ತು ಕೂತ. ನಡುವೆ ಗಟ್ಟಿ ಇತ್ತು. ಬೇಳೆ ಕಲ್ಲು. ಪಾಯಸದ ಹಾಲು ಉಕ್ಕಿಯೇ ಇರಲಿಲ್ಲ. ಚಪ್ಪರದಲ್ಲಿ ತಾಳಿ ಕಟ್ಟಿ ಆಗಿತ್ತು, ಎಲೆ ಹಾಕಿ ಆಗಿತ್ತು, ಎಲೆಗೆ ಉಪ್ಪು ಉಪ್ಪಿನಕಾಯಿ ಬಡಿಸಿ ಆಗಿತ್ತು. ಜನ ಅನ್ನದ ದಾರಿ ನೋಡುತ್ತ ಕೂತಿದ್ದರು.

ಕರಿಬಸಪ್ಪ ಹಿತ್ತಿಲಿಗೆ ಬಂದ. ಆರಿದ ಒಲೆಗಳನ್ನು ನೋಡಿದ, ಪಕ್ಕಕ್ಕಿಟ್ಟ ಪೇಟ ನೋಡಿದ.

“ತಾನಾಗೇ ಸರಿಹೋಯ್ತಾ?”

“ಇಲ್ಲ. ನಾನೇ ಸರಿ ಮಾಡಿದೆ.”

ಕರಿಬಸಪ್ಪನಿಗೆ ಮೊದಲು ನಂಬಲಾಗಲಿಲ್ಲ. ಪದ್ಮರಾಜ ಇದ್ದದ್ದನ್ನು ಇದ್ದ ಹಾಗೆ ಹೇಳಿದ, ಟೀಚರದು, ವ್ಯಾನಿನದು, ಕಣ್ಣಿನದು. ಆದರೆ ಹಸಿದ ನೆಂಟರನ್ನು ಎಲೆಯ ಮುಂದೆ ಕೂರಿಸಿಕೊಂಡ ತಂದೆಗೆ ದೂರದವರ ಕಣ್ಣು ಎಲ್ಲಿ ಕಾಣುತ್ತದೆ? ಅವನ ಬಾಯಿ ತೆರೆಯಿತು. ಅದು ಹೊರಗೆ ಕೇಳಿ ಅವನ ಹೆಂಡತಿ ಬಂದಳು, ಬೀಗರು ಬಂದರು, ಸೀರೆ ಹೊಗಳಿಕೊಳ್ಳುತ್ತಿದ್ದವರೆಲ್ಲ ಸೆರಗು ಸಿಕ್ಕಿಸಿಕೊಂಡು ಬಂದರು. ಯಾರೂ ಕಾಣದವರಿಗಾಗಿ ಊರಿನವರ ಅನ್ನಕ್ಕೆ ಕಲ್ಲು ಹಾಕಿದೆಯಲ್ಲ ಅಂತ ಶುರುವಾದದ್ದು, ಅವನ ಅವಲಕ್ಕಿ, ಅವನ ಮೆತ್ತನೆ ದನಿ, ಅವನ ನಮಸ್ಕಾರ, ಒಂದನ್ನೂ ಬಿಡಲಿಲ್ಲ. ಅವನಿಗೆ ಬೈಯಬೇಕು ಅಂತ ಊರಿನವರಿಗೆ ಇಷ್ಟು ವರ್ಷ ಎಷ್ಟು ಆಸೆ ಇತ್ತು ಅನ್ನುವುದು ಅವತ್ತು ಗೊತ್ತಾಯಿತು. ನನಗೂ ಬಂತು. ಆಹಾ, ಎಂಥ ಸಿಟ್ಟು. ನನ್ನ ಕಸುಬು ಕಿತ್ತುಕೊಂಡ, ಬಿಸಿ ಸಾರು ಕೊಟ್ಟು ಬಾಯಿ ಮುಚ್ಚಿಸಿದ, ಈಗ ನೋಡಿದರೆ ಅನ್ನವೂ ಇಲ್ಲ. ನಾನು ಜನರನ್ನು ಸರಿಸಿಕೊಂಡು ಮುಂದೆ ಹೋಗಿ, ವರ್ಷಗಟ್ಟಲೆ ಹೊಗೆ ಕುಡಿದ ಬಾಕಿಯನ್ನೆಲ್ಲ ತೀರಿಸಿಕೊಂಡೆ.

ಒಲೆ ಹತ್ತಿದ್ದು ನಮಗೆ ಕಾಣಲಿಲ್ಲ, ನಾವೆಲ್ಲ ಒಲೆಗೆ ಬೆನ್ನು ಹಾಕಿದ್ದೆವು. ಕಂಡದ್ದು ಚನ್ನಪ್ಪಯ್ಯನಿಗೆ, ಚೂಡಾಮಣಿಗೆ, ಪದ್ಮರಾಜನಿಗೆ. ಚನ್ನಪ್ಪಯ್ಯ ಜಾಣ. ಹತ್ತಿತು ಅಂತ ಬಾಯಿಬಿಟ್ಟರೆ ಜನಕ್ಕೆ ಸಂತೋಷವಾಗುತ್ತದೆ, ಸಂತೋಷವಾದರೆ ಒಲೆ ಆರುತ್ತದೆ. ಅವನು ತುಟಿ ಬಿಗಿಹಿಡಿದು ಸದ್ದಾಗದಂತೆ ಸೌಟು ತಿರುಗಿಸಿದ. ಚೂಡಾಮಣಿ ಮಾತ್ರ ತಡೆಯಲಾರದೆ ಗಂಡನ ಪರವಾಗಿ ಏನೋ ಹೇಳಲು ಬಂದಳು. ಪದ್ಮರಾಜ ಕಣ್ಣಲ್ಲೇ ಬೇಡ ಅಂದ.

ಅನ್ನ ಅರಳುವ ಹೊತ್ತಿಗೆ ನಮ್ಮ ಉಸಿರು ಮುಗಿಯತೊಡಗಿತು. ಎಷ್ಟಾದರೂ ಪದ್ಮರಾಜ, ಎಷ್ಟು ಹೊತ್ತು ಬೈಯುವುದು? ಒಬ್ಬೊಬ್ಬರಾಗಿ ದನಿ ತಗ್ಗಿಸಿದರು, ಪಾಯಸದ ಒಲೆ ಸಣ್ಣಗಾಯಿತು. ಆಗ ಅವನು ಕೈಕಟ್ಟಿ ನಿಂತು, ಹೆಡ್‌ಫೋನಿಗೆ ಮಾತಾಡುವ ಅದೇ ದನಿಯಲ್ಲಿ ಕರಿಬಸಪ್ಪನಿಗೆ ಹೇಳಿದ.

“ತಮಗಾಗಿರುವ ಅನಾನುಕೂಲಕ್ಕೆ ವಿಷಾದಿಸುತ್ತೇವೆ. ತಮ್ಮ ಕರೆ ನಮಗೆ ಬಹಳ ಮುಖ್ಯ. ದಯವಿಟ್ಟು ಸ್ವಲ್ಪ ಹೊತ್ತು ಕಾಯಿರಿ.”

ಆಮೇಲೆ ಎದ್ದ ಗಲಾಟೆಯನ್ನು ನಾನು ಬರೆಯಲಾರೆ. ಉರಿ ಹಂಡೆಯ ಕಂಠದವರೆಗೆ ಏರಿತು. ಬೇಳೆ ಕರಗಿತು, ಪಾಯಸ ಉಕ್ಕಿತು. ದನಿ ಇನ್ನೊಮ್ಮೆ ತಗ್ಗುವಾಗ ಅವನು, ಇದಲ್ಲದೆ ತಮಗೆ ಇನ್ನೇನಾದರೂ ಸಹಾಯ ಮಾಡಬಹುದೇ ಅಂತ ಕೇಳಿದ. ಕರಿಬಸಪ್ಪನ ಬೀಗಿತ್ತಿ ಕೈಲಿದ್ದ ಎಲೆಅಡಿಕೆ ತಟ್ಟೆಯನ್ನೇ ಎಸೆದಳು. ಅಷ್ಟಕ್ಕೆ ಹಪ್ಪಳವೂ ಕರಿದಾಯಿತು.

ಚನ್ನಪ್ಪಯ್ಯ ಕೊನೆಯ ಹಂಡೆ ಇಳಿಸಿ, ಇನ್ನು ಸಾಕು, ಎಲ್ಲ ಬೆಂದಿದೆ, ಹೋಗಿ ಕೂತುಕೊಳ್ಳಿ ಅಂದ. ನಾವು ತಿರುಗಿ ನೋಡಿದೆವು. ಕರಿಬಸಪ್ಪ ಹಂಡೆಗಳನ್ನು ನೋಡಿದ, ಪದ್ಮರಾಜನನ್ನು ನೋಡಿದ. ಆಮೇಲೆ ಬಿದ್ದಿದ್ದ ಪೇಟ ಎತ್ತಿ ಧೂಳು ಕೊಡವಿ ತಾನೇ ಅವನ ತಲೆಗೆ ಸುತ್ತಿದ. ಬಾ, ಎಲೆಗೆ ಬಾ ಅಂದ. ಪದ್ಮರಾಜ ಬರುತ್ತೇನೆ ಅನ್ನುವಷ್ಟರಲ್ಲಿ ಫೋನು ಬಂತು. ಟೀಚರದು. ನೀವು ಶುರು ಮಾಡಿ, ಒಂದು ನಿಮಿಷ ಅಂತ ಕೈಸನ್ನೆ ಮಾಡಿ ಅವನು ಮಾತಿಗೆ ಕೂತ. ವ್ಯಾನು ಟೀಚರ್ ಕಡೆಯ ಹಳ್ಳಿಗಳಿಗೇ ಹೊರಟಿತ್ತು. ಯಾರ ಯಾರ ಹೆಸರು ಬಂದಿದೆ ಅಂತ ಟೀಚರ್ ಒಂದೊಂದಾಗಿ ಹೇಳಿದರು, ಅವನು ಒಂದೊಂದಕ್ಕೂ ಹೂಂ ಅಂದ. ಮೊದಲ ಪಂಕ್ತಿ ಎದ್ದಿತು, ಎರಡನೆಯದೂ ಎದ್ದಿತು. ಅಷ್ಟು ಬೈದ ಮೇಲೆ ಎಲ್ಲರಿಗೂ ಹಸಿವೆ ಜೋರಾಗಿತ್ತು. ಕರಿಬಸಪ್ಪನ ಪಕ್ಕದ ಎಲೆ ಕಾದು ಕಾದು ಬಾಡಿತು. ಪದ್ಮರಾಜ ಎದ್ದು ಬರುವ ಹೊತ್ತಿಗೆ ಹಂಡೆಗಳನ್ನು ಬೋರಲು ಹಾಕಿ ತೊಳೆಯುತ್ತಿದ್ದರು.

ಸಂಜೆ ನಾನು ಅವರ ಮನೆಯೊಳಗೆ ಕಾಣುವ ಗೋಡೆಯ ಕಿಟಕಿಯಲ್ಲಿ ಕೂತಿದ್ದೆ. ಪದ್ಮರಾಜ ಮನೆಗೆ ಬಂದು, ಚಪ್ಪಲಿಯನ್ನು ಚೂಡಾಮಣಿಯ ಚಪ್ಪಲಿಗೆ ತಾಗಿಸಿ ಬಿಟ್ಟು, ಒಂದು ಹಿಡಿ ಅವಲಕ್ಕಿ ಇದ್ದರೆ ನೆನೆಸು ಅಂದ. ಚೂಡಾಮಣಿ ಅವನ ಮುಖವನ್ನೇ ನೋಡಿದಳು. ಊಟ ಮಾಡಲಿಲ್ಲವಾ ಅಂತ ಕೇಳಿದಳು. ಪರವಾಗಿಲ್ಲ, ಎಲ್ಲರದೂ ಚೆನ್ನಾಗಿ ಆಯಿತಲ್ಲ ಅಂದ.

“ಏನು ಪರವಾಗಿಲ್ಲ? ಇಡೀ ಊರಿನ ಕೈಲಿ ಬೈಸ್ಕೊಂಡು ಊರಿಗೆಲ್ಲ ಉಣ್ಣಿಸಿ, ನೀವು ಹಸ್ಕೊಂಡು ಬಂದು ಅವಲಕ್ಕಿ ಕೇಳ್ತೀರಲ್ಲ. ನಿಮಗೆ ಒಂದಿಷ್ಟಾದ್ರೂ ಬುದ್ಧಿ ಬೇಡ್ವಾ?”

ಅವಳು ಅಂದುಬಿಟ್ಟು ತಾನೇ ಬೆಚ್ಚಿ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳ ಬೆನ್ನ ಹಿಂದೆ ಅಡುಗೆಮನೆಯ ಒಲೆಯಲ್ಲಿ ಹೊಗೆಯಿಲ್ಲದ ಒಂದು ಸಣ್ಣ ಉರಿ ಎದ್ದಿತ್ತು. ಪದ್ಮರಾಜ ಅದನ್ನು ನೋಡಿದ, ಅವಳಿಗೆ ತೋರಿಸಿದ. ಆಮೇಲೆ ಅವಳು ಓಡಿಹೋಗಿ ಕಾಫಿಗೆ ನೀರಿಟ್ಟಳು, ಅಳುತ್ತ ನಗುತ್ತ ಇಟ್ಟಳು, ಹಾಗಾಗಿ ಉರಿ ಬಹಳ ಹೊತ್ತು ನಿಲ್ಲಲಿಲ್ಲ.

ಕಿಟಕಿಯಲ್ಲಿ ನನ್ನನ್ನು ಕಂಡು ನನಗೂ ಒಂದು ಲೋಟ ತಂದುಕೊಟ್ಟಳು. ಕುಡಿದು ನೋಡಿದೆ, ಉಗುರುಬೆಚ್ಚಗೆ. ಇದೂ ಒಂದು ಕಾಫಿಯಾ ಅಂತ ಬೈಯಲು ಬಾಯಿ ತೆರೆದವಳು, ಅವಳ ಮುಖ ನೋಡಿ, ಲೋಟ ಖಾಲಿ ಮಾಡಿ ಕೊಟ್ಟೆ.